ವರದಿಯಲ್ಲೊಂದು ಅಪರಿಚಿತ ಹೆಸರು

ನಮ್ಮ ಹಿರಿಯರ ಕಾಲದಲ್ಲಿ ಸಾಲ ಕೊಟ್ಟವನ ಮುಖ ಸಾಲ ತಂದವನಿಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಕೆಂಪು ಬಟ್ಟೆಯ ರಟ್ಟು ಹಾಕಿದ ಖಾತೆ ಪುಸ್ತಕವನ್ನು ಮುಂದಿಟ್ಟುಕೊಂಡು ಗಾದಿಯ ಮೇಲೆ ಕುಳಿತ ಸಾಹುಕಾರ, ಎದುರಿಗೆ ಜಮಖಾನೆಯ ಮೇಲೆ ಕುಳಿತ ರೈತ, ಪಕ್ಕದಲ್ಲಿ ಸಾಕ್ಷಿಗೆಂದು ಬಂದ ಊರ ಹಿರಿಯ. ಈ ಮೂವರ ನಡುವೆ ವ್ಯವಹಾರ ಮುಗಿಯುತ್ತಿತ್ತು. ಬಡ್ಡಿ ಅನ್ಯಾಯದ್ದಾಗಿದ್ದಿರಬಹುದು, ಓದು ಬಾರದವನಿಗೆ ಲೆಕ್ಕದಲ್ಲಿ ಮೋಸವೂ ಆಗಿದ್ದಿರಬಹುದು. ಆ ಕಾಲವನ್ನು ಹಾಡಿ ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ 'ನನಗೆ ಸಾಲ ಕೊಟ್ಟವನು ಯಾರು?' ಎಂಬ ಪ್ರಶ್ನೆ ಮಾತ್ರ ಅಂದು ಯಾರಿಗೂ ಹುಟ್ಟುತ್ತಿರಲಿಲ್ಲ. ಇಂದು ವಿದ್ಯಾವಂತರ ಮನೆಗಳಲ್ಲಿಯೇ ಆ ಪ್ರಶ್ನೆ ಹುಟ್ಟುತ್ತಿದೆ, ಹುಟ್ಟಿ ಮನೆಯ ನೆಮ್ಮದಿಯನ್ನೂ ಕದಡುತ್ತಿದೆ.

ನಮ್ಮ ಪರಿಚಯದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ ನಡೆದ ಸಂಗತಿಯಿದು. ಮಗಳ ಉನ್ನತ ವ್ಯಾಸಂಗಕ್ಕೆಂದು ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದರು. ಅಂತಹ ಸಾಲದಲ್ಲಿ ತಂದೆಯೂ ಸಹಸಾಲಗಾರನಾಗಿ ಸಹಿ ಮಾಡಬೇಕಾಗುತ್ತದೆಯಾದ್ದರಿಂದ ಬ್ಯಾಂಕಿನವರು ಅವರ ಸಾಲದ ಇತಿಹಾಸವನ್ನೂ ತರಿಸಿ ನೋಡಿದರು. ಅಧಿಕಾರಿ ತಲೆಯೆತ್ತಿ, "ಸರ್, ನಿಮ್ಮ ಹೆಸರಿನಲ್ಲಿ ಎರಡು ಲಕ್ಷಕ್ಕೂ ಮೀರಿದ ಸುಸ್ತಿ ಬಾಕಿಯಿದೆ" ಎಂದರು. ಸಾಲ ಕೊಟ್ಟವರೆಂದು ನಮೂದಾಗಿದ್ದ ಕಂಪನಿಯ ಹೆಸರನ್ನು ಈ ಹಿರಿಯರು ಜನ್ಮದಲ್ಲಿ ಕೇಳಿರಲಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದವರು, ಅಂಗಡಿಯ ಉದ್ದರಿಯನ್ನೂ ತಿಂಗಳ ಮೊದಲ ದಿನವೇ ತೀರಿಸಿದವರು. ಮನೆಗೆ ಬಂದು ಹಿರಿಯ ಮಗನನ್ನು ನಿಲ್ಲಿಸಿ ಕೇಳಿದರು: "ನನ್ನ ಪ್ಯಾನ್ ಕಾರ್ಡು ತಗೊಂಡು ಎಲ್ಲಿ ಸಾಲ ಮಾಡೀದಿ, ಖರೇ ಹೇಳು." ಮಗ ತಾನೇನೂ ಅರಿಯೆನೆಂದ. ತಂದೆ ನಂಬಲಿಲ್ಲ. ಹನ್ನೆರಡು ದಿನ ತಂದೆ-ಮಕ್ಕಳ ನಡುವೆ ಮಾತು ನಿಂತಿತು. ಸತ್ಯ ತಿಳಿದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು, ಆ ವರದಿಯೆಂಬುದು ಏನು, ಅದರಲ್ಲಿ ನಾವು ಅರಿಯದ ಹೆಸರು ಬರಲು ಕಾರಣಗಳೇನು ಎಂಬುದನ್ನು ವಿಚಾರ ಮಾಡುವುದು ಉಚಿತ.

ಈ ವರದಿ ಯಾರು ಬರೆದದ್ದು?

ಜನ ಇದನ್ನು 'ಸಿಬಿಲ್' ಎಂದು ಒಂದೇ ಮಾತಿನಲ್ಲಿ ಕರೆಯುತ್ತಾರೆ. ಸಿಬಿಲ್ ಎಂಬುದು 2000ನೆಯ ಇಸವಿಯಲ್ಲಿ ಸ್ಥಾಪನೆಯಾದ ಒಂದು ಸಾಲಮಾಹಿತಿ ಕಂಪನಿಯ ಹೆಸರು. ಈಗ ಅದು ಟ್ರಾನ್ಸ್‌ಯೂನಿಯನ್ ಸಿಬಿಲ್ ಎನಿಸಿಕೊಂಡಿದೆ. ಇದಲ್ಲದೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳು ನಮ್ಮ ದೇಶದಲ್ಲಿ ಇದೇ ಕಾರ್ಯವನ್ನು ಮಾಡುತ್ತಿವೆ. ಇವೆಲ್ಲವೂ ಸಾಲಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆ, 2005ಕ್ಕೆ ಒಳಪಟ್ಟು ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ ನಡೆಯುತ್ತವೆ.

ಇಲ್ಲಿ ಓದುಗರು ಮುಖ್ಯವಾಗಿ ಮನಗಾಣಬೇಕಾದ ಸಂಗತಿಯೊಂದಿದೆ. ಈ ಕಂಪನಿಗಳು ಯಾರಿಗೂ ಸಾಲ ಕೊಡುವುದಿಲ್ಲ. ಯಾರ ಸಾಲವನ್ನೂ ಕಣ್ಣಾರೆ ನೋಡಿ ಬರೆಯುವುದೂ ಇಲ್ಲ. ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಕಳುಹಿಸಿದ ಲೆಕ್ಕವನ್ನು ಒಂದೆಡೆ ಕೂಡಿಸಿ, ಕೇಳಿದವರಿಗೆ ತೋರಿಸುವುದಷ್ಟೇ ಇವುಗಳ ಕೆಲಸ. ಆದಕಾರಣ ವರದಿಯು ನ್ಯಾಯಾಲಯದ ತೀರ್ಪಲ್ಲ; ಸಾಲಕೊಟ್ಟವರು ತಾವೇ ಹೇಳಿದ ಮಾತಿನ ಸಂಗ್ರಹ. ಆ ಮಾತು ಸಾಮಾನ್ಯವಾಗಿ ನಿಜವಿರುತ್ತದೆ. ಒಮ್ಮೊಮ್ಮೆ ತಪ್ಪಿರುತ್ತದೆ. ಅದನ್ನು ಪ್ರಶ್ನಿಸುವ ಹಕ್ಕನ್ನು ಕಾನೂನೇ ನಮಗೆ ಕೊಟ್ಟಿದೆ.

ವರದಿಯಲ್ಲಿ ಮುಖ್ಯವಾಗಿ ಮೂರು ಭಾಗಗಳು. ಮೊದಲನೆಯದು ನಮ್ಮ ಹೆಸರು, ಜನ್ಮದಿನಾಂಕ, ಪ್ಯಾನ್ ಸಂಖ್ಯೆ, ವಿಳಾಸ, ದೂರವಾಣಿ. ಎರಡನೆಯದು ನಮ್ಮ ಸಾಲದ ಖಾತೆಗಳು: ಕೊಟ್ಟವರು ಯಾರು, ಎಂದು ಆರಂಭವಾಯಿತು, ಎಷ್ಟು ಮಂಜೂರಾಯಿತು, ಎಷ್ಟು ಬಾಕಿ, ಕಂತು ಎಷ್ಟು ದಿನ ತಡವಾಯಿತು ಎಂಬ ವಿವರ. ಮೂರನೆಯದು ವಿಚಾರಣೆಗಳು, ಅಂದರೆ ನಾವು ಸಾಲ ಕೇಳಿದಾಗ ನಮ್ಮ ಇತಿಹಾಸವನ್ನು ತರಿಸಿ ನೋಡಿದವರ ಪಟ್ಟಿ. ಇವುಗಳ ಜೊತೆಗೆ 300ರಿಂದ 900ರವರೆಗಿನ ಒಂದು ಅಂಕವನ್ನೂ ಕೊಡುತ್ತಾರೆ. ಎಷ್ಟೋ ಜನ ಆ ಅಂಕವೊಂದನ್ನೇ ನೋಡಿ ವರದಿಯನ್ನು ಮಡಚಿಡುತ್ತಾರೆ. ಪರೀಕ್ಷೆಯ ಫಲಿತಾಂಶ ನೋಡಿ ಉತ್ತರ ಪತ್ರಿಕೆಯನ್ನು ಓದದೆ ಬಿಟ್ಟಂತೆ ಇದು.

ಹೆಸರು ಅಪರಿಚಿತವಾಗಲು ಕಾರಣಗಳು

ಮೊದಲನೆಯ ಕಾರಣ ಬ್ಯಾಂಕುಗಳ ವಿಲೀನ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಕೂಡಿದವು. ನಮ್ಮ ಉತ್ತರ ಕರ್ನಾಟಕದ ರೈತರು ಮಲಪ್ರಭಾ ಗ್ರಾಮೀಣ ಬ್ಯಾಂಕೆಂದು ಕರೆಯುತ್ತಿದ್ದುದು 2005ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಅದೂ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ಅದೇ ಕಟ್ಟಡ, ಅದೇ ಸಾಲ. ಹೆಸರು ಮಾತ್ರ ಬೇರೆ. ಇಂತಹ ಸಂದರ್ಭದಲ್ಲಿ ಭಯಕ್ಕೆ ಕಾರಣವಿಲ್ಲ.

ಎರಡನೆಯದು ಅಂಗಡಿಯ ಕಂತು. ಹಬ್ಬಕ್ಕೆ ಶೀತಕಪಾಟು ತಂದೆವು, ಮಗನಿಗೆ ಮೊಬೈಲು ಕೊಡಿಸಿದೆವು. ಅಂಗಡಿಯವನು 'ಬಡ್ಡಿಯಿಲ್ಲದ ಕಂತು' ಎಂದ, ನಾಲ್ಕಾರು ಕಡೆ ಸಹಿ ಹಾಕಿಸಿಕೊಂಡ. ನಾವು ಅಂಗಡಿಯವನಿಗೇ ಬಾಕಿಯೆಂದು ತಿಳಿದಿರುತ್ತೇವೆ. ವಾಸ್ತವವಾಗಿ ಹಿಂದೆ ನಿಂತು ಹಣ ಕೊಟ್ಟದ್ದು ಒಂದು ಹಣಕಾಸು ಕಂಪನಿ. ಅದರ ಹೆಸರು ವರದಿಯಲ್ಲಿ ಬಂದಾಗ ನಮಗೆ ಅದು ಹೊಸದು. ದೊಡ್ಡ ಮಳಿಗೆಯ ಹೆಸರು ಹೊತ್ತ ಕ್ರೆಡಿಟ್ ಕಾರ್ಡಿನ ಕಥೆಯೂ ಇದೇ. ಕಾರ್ಡಿನ ಮೇಲೆ ಮಳಿಗೆಯ ಹೆಸರು ಎದ್ದು ಕಾಣುತ್ತದೆ, ಸಾಲ ಕೊಟ್ಟದ್ದು ಬ್ಯಾಂಕು.

ಮೂರನೆಯದು ಮೊಬೈಲಿನ ಸಾಲ. ಮೊಬೈಲ್ ಆ್ಯಪಿಗೆ ಒಂದು ಹೆಸರು, ಅದರ ಹಿಂದೆ ಹಣ ಕೊಡುವ ಸಂಸ್ಥೆಗೆ ಇನ್ನೊಂದು ಹೆಸರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ಮಾಡಿ, ಸಾಲಕ್ಕೆ ಮೊದಲೇ ಮುಖ್ಯಾಂಶಗಳ ಪತ್ರವನ್ನು ಕೊಡಬೇಕೆಂದೂ ಹಣ ನೇರವಾಗಿ ಸಾಲಗಾರನ ಬ್ಯಾಂಕು ಖಾತೆಗೇ ಬರಬೇಕೆಂದೂ ವಿಧಿಸಿತು. ಮಕ್ಕಳು ಎರಡು ಸಾವಿರಕ್ಕೋ ಐದು ಸಾವಿರಕ್ಕೋ ಬೆರಳೊತ್ತಿ ಮರೆತುಬಿಟ್ಟ ಸಾಲವೂ ವರದಿಯಲ್ಲಿ ಸಾಲವೇ.

ನಾಲ್ಕನೆಯದು ಸಾಲದ ಮಾರಾಟ. ಬಹುಕಾಲ ವಸೂಲಾಗದ ಸಾಲವನ್ನು ಬ್ಯಾಂಕೋ ಹಣಕಾಸು ಕಂಪನಿಯೋ ಆಸ್ತಿ ಪುನಾರಚನಾ ಕಂಪನಿಗೆ ಮಾರಿಬಿಡಬಹುದು. 2002ರ ಸರ್ಫೇಸಿ ಕಾಯಿದೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಆಗ ಕೊಟ್ಟವನೊಬ್ಬ, ಕೇಳುವವನು ಮತ್ತೊಬ್ಬ. ವರದಿಯಲ್ಲಿ ಕಾಣುವುದು ಕೊಂಡವನ ಹೆಸರು.

ಐದನೆಯದು ಜಾಮೀನು. ನಮ್ಮ ಸಮಾಜದಲ್ಲಿ ಬೀಗರು, ಅಳಿಯಂದಿರು, ನೆರೆಹೊರೆಯವರು ಬಂದು "ಒಂದು ಸಹಿ ಅಷ್ಟೇ" ಎಂದರೆ ಇಲ್ಲವೆನ್ನುವುದು ಕಷ್ಟ. ಆದರೆ ಭಾರತೀಯ ಕರಾರು ಕಾಯಿದೆ, 1872ರ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ನಾವು ಸೌಜನ್ಯವೆಂದು ಹಾಕಿದ ಸಹಿ ವರದಿಯಲ್ಲಿ ನಮ್ಮ ಖಾತೆಯಾಗಿಯೇ ಕುಳಿತಿರುತ್ತದೆ.

ಆರನೆಯದು ಒಬ್ಬರ ಸಾಲ ಇನ್ನೊಬ್ಬರಿಗೆ ಅಂಟುವುದು. ನಮ್ಮ ಊರುಗಳಲ್ಲಿ ಬಸವರಾಜ, ಶಿವಾನಂದ, ಮಹಾದೇವಿ ಎಂಬ ಹೆಸರಿನವರು ಓಣಿಗೊಬ್ಬರು; ಅಡ್ಡಹೆಸರೂ ಒಂದೇ. ಹಿಂದೆ ಶಾಲೆಗೆ ಸೇರಿಸುವಾಗ ಮಾಸ್ತರರು ಎಷ್ಟೋ ಮಕ್ಕಳಿಗೆ ಜೂನ್ 1ನೆಯ ತಾರೀಖನ್ನೇ ಜನ್ಮದಿನವೆಂದು ಬರೆದರು. ಹೆಸರೂ ಒಂದೇ, ಹುಟ್ಟಿದ ದಿನವೂ ಒಂದೇ ಆದಾಗ ಲೆಕ್ಕ ಕೂಡಿಸುವಲ್ಲಿ ಪ್ರಮಾದವಾಗುವುದು ಅಸಂಭವವಲ್ಲ.

ಏಳನೆಯದು ಶುದ್ಧ ವಂಚನೆ. ನಮ್ಮ ಪ್ಯಾನ್ ಕಾರ್ಡು, ಆಧಾರ್ ಪ್ರತಿ, ಮೊಬೈಲಿಗೆ ಬಂದ ಗುಪ್ತ ಸಂಖ್ಯೆ ಇವುಗಳನ್ನು ಬಳಸಿ ಯಾರೋ ಸಾಲ ಪಡೆದಿರಬಹುದು. ಇದು ನಡೆಯುತ್ತಿದೆಯೆಂಬುದು ಸುಳ್ಳಲ್ಲ. ಆದರೆ ಅಪರಿಚಿತ ಹೆಸರು ಕಂಡೊಡನೆ ಇದೊಂದನ್ನೇ ಊಹಿಸುವುದೂ ಸರಿಯಲ್ಲ. ಮೇಲಿನ ಆರು ಕಾರಣಗಳನ್ನು ಮೊದಲು ಪರಿಶೀಲಿಸಬೇಕು.

ಇನ್ನೊಂದು ಮಾತು. ಹೆಸರು ವಿಚಾರಣೆಗಳ ಪಟ್ಟಿಯಲ್ಲಿ ಮಾತ್ರ ಇದ್ದರೆ ಅದು ಸಾಲವಲ್ಲ. ಆದರೂ ನಾವು ಅರ್ಜಿಯನ್ನೇ ಹಾಕದ ಕಡೆಯಿಂದ ವಿಚಾರಣೆ ಬಂದಿದ್ದರೆ, ನಮ್ಮ ಹೆಸರಿನಲ್ಲಿ ಯಾರೋ ಸಾಲಕ್ಕೆ ಯತ್ನಿಸಿರಬಹುದೆಂಬ ಮುನ್ಸೂಚನೆ ಅದು, ಅಲಕ್ಷಿಸಬಾರದು.

ಹನ್ನೆರಡು ದಿನಗಳ ನಂತರ

ಮುಖ್ಯೋಪಾಧ್ಯಾಯರ ಮನೆಗೆ ಮರಳೋಣ. ಹದಿಮೂರನೆಯ ದಿನ ಅವರ ಶ್ರೀಮತಿಯವರೇ ಒಂದು ಮಾತು ಕೇಳಿದರು: "ಆ ಕಾಗದದಾಗ ಸಾಲ ಯಾವಾಗ ಕೊಟ್ಟಾರಂತ ಬರದೈತೆನ್ರಿ?" ಅಲ್ಲಿಯವರೆಗೆ ಹಿರಿಯರು ಹೆಸರನ್ನೂ ಮೊತ್ತವನ್ನೂ ಮಾತ್ರ ನೋಡಿದ್ದರು. ವರದಿಯನ್ನು ತರಿಸಿ ಓದಿದಾಗ ಸಾಲ ಆರಂಭವಾದ ವರ್ಷ ಕಂಡಿತು. ಒಂಬತ್ತು ವರ್ಷ ಹಿಂದಿನದು. ಸಾಲದ ಬಗೆ ವಾಹನ ಸಾಲ. ಮುಂದಿನ ಅಂಕಣದಲ್ಲಿ ಅವರ ಸ್ಥಾನ ಜಾಮೀನುದಾರ.

ಆಗ ನೆನಪಾಯಿತು. ತಂಗಿಯ ಮಗ ಟಂಟಂ ಗಾಡಿ ಕೊಳ್ಳುವಾಗ ಸೋದರಮಾವನೆಂದು ಇವರನ್ನು ಕರೆದೊಯ್ದು ಸಹಿ ಹಾಕಿಸಿದ್ದ. ಆತ ಕೆಲವು ಕಂತು ಕಟ್ಟಿ ಅನಂತರ ಸೋತ. ಸಾಲ ಕೊಟ್ಟ ಸಂಸ್ಥೆ ಆ ಖಾತೆಯನ್ನು ಮತ್ತೊಂದು ಕಂಪನಿಗೆ ವಹಿಸಿತು. ನೋಟೀಸುಗಳು ಇವರು ಬಿಟ್ಟುಬಂದಿದ್ದ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿದ್ದವು. ಹೀಗೆ ಹೆಸರು ಅಪರಿಚಿತವಾಗಿತ್ತು, ಋಣ ಪರಿಚಿತವೇ ಆಗಿತ್ತು.

ಅವರು ಮಗನನ್ನು ಕರೆದು, "ನಾ ಮಾಡಿದ ಸಹಿ ನನಗ ನೆನಪಿರಲಿಲ್ಲ, ನಿನ್ನ ಮ್ಯಾಲ ಸಂಶಯಪಟ್ಟೆನಲ್ಲೋ ತಮ್ಮಾ" ಎಂದರಂತೆ. ಇದನ್ನು ನಮಗೆ ಹೇಳುವಾಗಲೂ ಅವರ ಕಂಠ ತುಂಬಿ ಬಂದಿತ್ತು. ಬಳಿಕ ಅಳಿಯನನ್ನು ಕೂಡಿಸಿಕೊಂಡು, ಮೂಲ ಕರಾರಿನ ಪ್ರತಿಯನ್ನೂ ಸಾಲ ವಹಿಸಿಕೊಟ್ಟ ಪತ್ರವನ್ನೂ ಕಂತುಗಳ ಲೆಕ್ಕವನ್ನೂ ಬರೆಹದಲ್ಲಿ ತರಿಸಿದರು. ಕಂಪನಿಯವರು ಕಡಿಮೆ ಮೊತ್ತಕ್ಕೆ ಮುಗಿಸಲು ಒಪ್ಪಿದ್ದರು. ಆದರೆ ಹಾಗೆ ಮುಗಿಸಿದ ಖಾತೆ ವರದಿಯಲ್ಲಿ 'ರಾಜಿಯಿಂದ ಇತ್ಯರ್ಥ' ಎಂದು ಉಳಿಯುತ್ತದೆ, 'ಪೂರ್ಣ ಪಾವತಿ' ಎಂದಾಗುವುದಿಲ್ಲ. ಮುಂದೆ ಸಾಲ ಕೊಡುವವರು ಅದನ್ನು ಅನುಮಾನದಿಂದ ನೋಡುತ್ತಾರೆ. ಆದ್ದರಿಂದ ಮಾವ ಅರ್ಧ, ಅಳಿಯ ಅರ್ಧ ಹಾಕಿ ಪೂರ್ಣ ತೀರಿಸಿ ಬೇಬಾಕಿ ಪತ್ರ ಪಡೆದರು. ಮಗಳ ಸಾಲ ಮಂಜೂರಾಗುವಷ್ಟರಲ್ಲಿ ಮೊದಲ ಶುಲ್ಕದ ಗಡುವು ಬಂದಿತ್ತು. ತಾಯಿಯ ಬಳೆಗಳು ಕೆಲವು ತಿಂಗಳು ಒತ್ತೆ ಹೋದವು. ಮೊದಲ ದಿನವೇ ಆ ಒಂದು ಪುಟವನ್ನು ಪೂರ್ತಿ ಓದಿದ್ದರೆ ಹನ್ನೆರಡು ದಿನಗಳ ಮೌನವನ್ನಾದರೂ ತಪ್ಪಿಸಬಹುದಾಗಿತ್ತು.

ಮಾಡಬೇಕಾದದ್ದೇನು?

ಮೊದಲು ವರದಿಯನ್ನು ನಾವೇ ತರಿಸಿ ಓದಬೇಕು. ಪ್ರತಿ ಕ್ಯಾಲೆಂಡರ್ ವರ್ಷದಲ್ಲಿ ಒಮ್ಮೆ, ನಾಲ್ಕೂ ಕಂಪನಿಗಳಿಂದ ಒಂದೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಮಗಿದೆ. ಆಯಾ ಕಂಪನಿಯ ಅಧಿಕೃತ ಅಂತರ್ಜಾಲ ತಾಣದಿಂದಲೇ ಪಡೆಯಬೇಕು. ಮಧ್ಯವರ್ತಿಗೆ ಹಣ ಕೊಡುವ ಅಗತ್ಯವಿಲ್ಲ. ನಮಗೆ ಬಾರದಿದ್ದರೆ ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಬೇಕು.

ಅಪರಿಚಿತ ಹೆಸರಿನ ಎದುರು ನಾಲ್ಕು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು: ಸಾಲ ಎಂದು ಆರಂಭವಾಯಿತು? ಯಾವ ಬಗೆಯದು? ಮಂಜೂರಾದ ಮೊತ್ತವೆಷ್ಟು? ಅದರಲ್ಲಿ ನನ್ನ ಸ್ಥಾನವೇನು, ಸಾಲಗಾರನೋ ಸಹಸಾಲಗಾರನೋ ಜಾಮೀನುದಾರನೋ? ಅನಂತರ ಆ ವರ್ಷದ ಪಾಸ್‌ಬುಕ್ಕು, ಅಂಗಡಿಯ ರಸೀದಿ, ವಾಹನದ ಕಾಗದಪತ್ರಗಳನ್ನು ಹುಡುಕಬೇಕು. ಬಹುಪಾಲು ಒಗಟುಗಳು ಇಲ್ಲಿಯೇ ಬಿಡುತ್ತವೆ. ಆ ಹೆಸರಿನ ಹಣಕಾಸು ಕಂಪನಿ ನೋಂದಾಯಿತವೋ ಅಲ್ಲವೋ ಎಂಬುದನ್ನು ರಿಸರ್ವ್ ಬ್ಯಾಂಕಿನ ತಾಣದಲ್ಲಿರುವ ಪಟ್ಟಿಯಲ್ಲಿ ನೋಡಬಹುದು.

ಈ ಪರಿಶೀಲನೆ ಮುಗಿಯುವವರೆಗೆ ಎರಡು ಕೆಲಸಗಳನ್ನು ಮಾಡಕೂಡದು. ಹೆದರಿ ಒಂದು ಸಣ್ಣ ಮೊತ್ತವನ್ನೂ ಕಟ್ಟಬಾರದು. 'ಸಾಲವಿದೆ' ಎಂಬ ಯಾವ ಕಾಗದಕ್ಕೂ ಸಹಿ ಹಾಕಬಾರದು. ನಮ್ಮದಲ್ಲದ ಸಾಲವನ್ನು ನಾವೇ ಒಪ್ಪಿಕೊಂಡಂತೆ ಆಗಿಬಿಡುವ ಅಪಾಯವಿದೆ. ಅಂತೆಯೇ, ಮೊಬೈಲಿಗೆ ಬಂದ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಗುಪ್ತ ಸಂಖ್ಯೆ ಹೇಳಬಾರದು. ಸಂಸ್ಥೆಯ ಅಧಿಕೃತ ವಿಳಾಸವನ್ನು ನಾವೇ ಹುಡುಕಿ ಬರೆಯಬೇಕು.

ಸಾಲ ನಮ್ಮದಲ್ಲವೆಂದು ಖಚಿತವಾದರೆ, ಸಾಲಮಾಹಿತಿ ಕಂಪನಿಗೂ ವರದಿಯಲ್ಲಿ ಹೆಸರಿರುವ ಸಂಸ್ಥೆಗೂ ಲಿಖಿತ ದೂರು ಕೊಡಬೇಕು. ಇದಕ್ಕೆ ಶುಲ್ಕವಿಲ್ಲ. ಸಾಲಮಾಹಿತಿ ಕಂಪನಿ ತಾನಾಗಿಯೇ ಅಕ್ಷರ ತಿದ್ದಲಾರದು. ಸಾಲಕೊಟ್ಟ ಸಂಸ್ಥೆಯನ್ನು ಕೇಳಿ, ಅದು ದೃಢಪಡಿಸಿದ ಮೇಲೆ ತಿದ್ದುತ್ತದೆ. ಇದೆಲ್ಲ 30 ದಿನಗಳೊಳಗೆ ಮುಗಿಯಬೇಕು. ಮುಗಿಯದಿದ್ದರೆ ಅನಂತರದ ಪ್ರತಿ ದಿನಕ್ಕೆ ರೂ. 100ರಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. ಆದಕಾರಣ ದೂರಿನ ಸಂಖ್ಯೆ, ದಿನಾಂಕ, ಸ್ವೀಕೃತಿ ಇವನ್ನು ಜೋಪಾನವಾಗಿಡಬೇಕು.

ಅಲ್ಲಿಯೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಯಿದೆ. ಬ್ಯಾಂಕುಗಳ ಮೇಲಿನ ದೂರುಗಳಿಗಿದ್ದ ಈ ವ್ಯವಸ್ಥೆಯ ವ್ಯಾಪ್ತಿಗೆ 2022ರ ಸೆಪ್ಟೆಂಬರ್ 1ರಿಂದ ಸಾಲಮಾಹಿತಿ ಕಂಪನಿಗಳೂ ಬಂದಿವೆ. ಇಲ್ಲಿಯೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಂಚನೆ ನಡೆದಿದೆಯೆಂದು ಕಂಡರೆ ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಿ, ಪೋಲೀಸು ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ಸಂಸ್ಥೆಗಳಿಗೆ ಕಳುಹಿಸಬೇಕು. ಸಾಲ ನಮ್ಮದೇ ಎಂದು ತಿಳಿದರೆ, ತೀರಿಸುವ ದಾರಿ ಯೋಚಿಸಿ, ತೀರಿದ ಮೇಲೆ ಬೇಬಾಕಿ ಪತ್ರ ಪಡೆದು, ಕೆಲವು ವಾರಗಳ ನಂತರ ವರದಿಯಲ್ಲಿ ಅದು ಏರಿದೆಯೇ ಎಂದು ನೋಡಬೇಕು. 2025ರ ಜನವರಿಯಿಂದ ಸಂಸ್ಥೆಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳುಹಿಸಬೇಕೆಂಬ ನಿಯಮ ಬಂದಿರುವುದರಿಂದ ಹಿಂದಿನಷ್ಟು ಕಾಯಬೇಕಾಗಿಲ್ಲ. 'ಹಣ ಕೊಡಿ, ಹೆಸರು ಅಳಿಸಿಕೊಡುತ್ತೇವೆ' ಎನ್ನುವವರನ್ನು ನಂಬಬಾರದು. ತಪ್ಪಾದದ್ದನ್ನು ತಿದ್ದಲು ಹಣ ಬೇಕಿಲ್ಲ. ನಿಜವಾದದ್ದನ್ನು ಹಣದಿಂದ ಅಳಿಸಲಾಗದು.

ಮನೆಯೊಳಗಿನ ಖಾತೆ ಪುಸ್ತಕ

ಕೊನೆಯದಾಗಿ ಕುಟುಂಬದ ಹಿರಿಯರಲ್ಲಿ ಒಂದು ಅರಿಕೆ. ಪ್ರತಿ ಮನೆಯಲ್ಲಿ ಒಂದು ವಹಿಯಿರಲಿ. ಯಾರು ಎಲ್ಲಿ ಸಾಲ ಮಾಡಿದರು, ಯಾರಿಗೆ ಜಾಮೀನು ನಿಂತರು, ಎಂದು ತೀರಿತು ಎಂಬುದನ್ನು ಅದರಲ್ಲಿ ಬರೆದಿಡಲಿ. ಪತ್ನಿಗೆ ತಿಳಿಯದಂತೆ ಪತಿಯೂ, ತಂದೆಗೆ ತಿಳಿಯದಂತೆ ಮಗನೂ ಸಹಿ ಹಾಕದಿರಲಿ. ಸ್ವಸಹಾಯ ಸಂಘದಲ್ಲಿ ಸೊಸೆ ಪಡೆದ ಸಾಲವೂ ಆ ಪುಟದಲ್ಲಿರಲಿ. ವಿಳಾಸವೋ ಮೊಬೈಲ್ ಸಂಖ್ಯೆಯೋ ಬದಲಾದರೆ ಬ್ಯಾಂಕಿಗೆ ತಿಳಿಸಲಿ. ಪ್ಯಾನ್ ಮತ್ತು ಆಧಾರ್ ಪ್ರತಿಗಳನ್ನು ಕೊಡುವಾಗ ಯಾವ ಕಾರಣಕ್ಕೆ, ಯಾವ ದಿನ ಕೊಟ್ಟದ್ದೆಂದು ಅಡ್ಡಲಾಗಿ ಬರೆದು ಸಹಿ ಮಾಡಲಿ.

ಆ ಮುಖ್ಯೋಪಾಧ್ಯಾಯರ ಮನೆಯಲ್ಲಿ ಈಗ ಅಂತಹ ವಹಿಯೊಂದು ಜಗುಲಿಯ ಗೂಡಿನಲ್ಲಿದೆ. ಮೊದಲ ಪುಟದಲ್ಲಿ ಅವರ ಸ್ವಂತ ಅಕ್ಷರದಲ್ಲಿ ತಂಗಿಯ ಮಗನ ಟಂಟಂ ಗಾಡಿಯ ಸಾಲ, ಅದರ ಮುಂದೆ 'ತೀರಿದೆ' ಎಂಬ ಮಾತು, ದಿನಾಂಕ. ಎರಡನೆಯ ಪುಟದಲ್ಲಿ ಮಗಳ ಶಿಕ್ಷಣ ಸಾಲ. ಅದರ ಕಂತುಗಳ ಲೆಕ್ಕವನ್ನು ಬರೆಯುವ ಹೊಣೆಯನ್ನು ಅವರು ಹಿರಿಯ ಮಗನಿಗೆ ಒಪ್ಪಿಸಿದ್ದಾರೆ.